ಹೆಸರು ಹೋದ ಮೇಲೆ ಬಂದ ಮಳೆ

ಮೊನ್ನೆ ಕೆಲಸದ ಮೇಲೆ ನಿಪ್ಪಾಣಿಗೆ ಹೋಗಿದ್ದೆ. ಪೇಟೆಯ ಹಿಂದಿನ ರಸ್ತೆಯಲ್ಲಿ ತಂಬಾಕಿನ ಹಳೆಯ ಗೋದಾಮೊಂದರ ಬಾಗಿಲು ತೆರೆದಿತ್ತು. ಒಳಗೆ ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡು ಎಲೆ ಝಾಡಿಸುತ್ತಿದ್ದರು. ಖಾರದ ಜೊತೆಗೆ ತುಸು ಸಿಹಿಯೂ ಬೆರೆತ ಆ ವಾಸನೆ ಗಂಟಲಿಗೆ ಹತ್ತಿ ಕೆಮ್ಮು ಬಂತು. ಕೆಮ್ಮುತ್ತ ನಿಂತವಳಿಗೆ ನೆನಪಾದದ್ದು ಒಂದು ಕಂದು ಬಣ್ಣದ ಸ್ವೆಟರು. ಬೇಸಿಗೆ ಬಂದಾಗ ಅದನ್ನು ಟ್ರಂಕಿನಲ್ಲಿ ಇಡುವಾಗ ಹುಳ ಹತ್ತಬಾರದೆಂದು ಮಡಿಕೆಗಳ ನಡುವೆ ತಂಬಾಕಿನ ಎಲೆ ಹಾಕುತ್ತಿದ್ದರು ಅದರ ಒಡತಿ. ಚಳಿಗಾಲಕ್ಕೆ ತೆಗೆದು ತೊಟ್ಟುಕೊಂಡರೆ ಎಷ್ಟೋ ದಿನ ಅವರು ಹಾದು ಹೋದಲ್ಲೆಲ್ಲ ಈ ವಾಸನೆ ಇರುತ್ತಿತ್ತು...

ಅವರು ನನ್ನ ಮನೆಯೊಡತಿ. ಚಿಕ್ಕೋಡಿಯಲ್ಲಿ ಅವರ ಮನೆಯ ಮೇಲಿನ ಎರಡು ಕೋಣೆಗಳಲ್ಲಿ ನಾನು ಬಾಡಿಗೆಗಿದ್ದೇನೆ. ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕು ಈ ಊರಿಗೆ ಬಂದ ವರ್ಷದಿಂದಲೂ ಅಲ್ಲಿಯೇ. ಓಣಿಯವರೆಲ್ಲ ಅವರನ್ನು ಅಕ್ಕಾವರು ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ. ನಿವೃತ್ತಿಯಾಗುವವರೆಗೆ ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದರು. ಮೊಬೈಲ್ ಬರುವ ಮುಂಚೆ, ಟ್ರಂಕ್ ಕಾಲ್ ಬರೆಸಿ ಗಂಟೆಗಟ್ಟಲೆ ಕಾಯುವ ಕಾಲದಲ್ಲಿ, ಸುತ್ತಲಿನ ಊರುಗಳ ಹೆರಿಗೆ, ಸಾವು, ಮದುವೆಯ ಸೋಯರಿಕೆ ಎಲ್ಲವೂ ಅವರ ಕಿವಿ ದಾಟಿ ಹೋಗಿದ್ದವು. ಅದಕ್ಕೋ ಏನೋ, ಅವರು ಮಾತನಾಡುವುದಕ್ಕಿಂತ ಕೇಳುವುದೇ ಹೆಚ್ಚು. ಎದುರಿನವರು ಮಾತು ಮುಗಿಸಿದ ಮೇಲೂ ಸ್ವಲ್ಪ ಹೊತ್ತು ಕಿವಿ ಅತ್ತಲೇ ಇರುತ್ತಿತ್ತು.

ಅವರಿಗೆ ಮದುವೆಯಾಗಿರಲಿಲ್ಲ. ತಂದೆ ಬೇಗ ತೀರಿಹೋಗಿದ್ದರಿಂದ ತಮ್ಮನನ್ನು ಬೆಳೆಸಿದ್ದೇ ಇವರು. ಆ ತಮ್ಮ ನಿಪ್ಪಾಣಿಯ ಒಬ್ಬ ವ್ಯಾಪಾರಿಯ ಲಾರಿ ಓಡಿಸುತ್ತಿದ್ದ. ತಂಬಾಕು ತುಂಬಿಕೊಂಡು ಗುಜರಾತಿನವರೆಗೆ ಹೋಗುವುದು, ಬರುವಾಗ ಉಪ್ಪೋ ಮತ್ತೊಂದೋ ತರುವುದು. ಒಂದು ಮಳೆಗಾಲದ ಮೊದಲಲ್ಲಿ ಹಾಗೆ ಹೋದವನು ಉಪ್ಪು ತುಂಬಲು ಕಡಲ ದಂಡೆಯ ಬಯಲಿನಲ್ಲಿ ಲಾರಿ ನಿಲ್ಲಿಸಿದ್ದ. ಅಂದು ಆ ದಂಡೆಗೆ ಚಂಡಮಾರುತ ಬಂತು. ಸಮುದ್ರ ಎದ್ದು ಉಪ್ಪಿನ ಬಯಲನ್ನೆಲ್ಲ ಬಳಿದುಕೊಂಡು ಹೋಯಿತು. ಲಾರಿ ಮಗುಚಿದ್ದು ಆಮೇಲೆ ಸಿಕ್ಕಿತು. ಅವನು ಸಿಗಲಿಲ್ಲ.

ಈ ಕಥೆಯನ್ನು ಅಕ್ಕಾವರು ನನಗೆ ಒಮ್ಮೆ ಮಾತ್ರ ಹೇಳಿದರು, ಅದೂ ಅವರೆಕಾಯಿ ಸುಲಿಯುತ್ತ, ತಲೆ ಎತ್ತದೆ. ಆ ದಿನಗಳಲ್ಲಿ ಅವರು ಡ್ಯೂಟಿಯ ಮೇಲೆಯೇ ಇದ್ದರು. ಊರವರ ಕಾಲ್ ಹಾಕುತ್ತ ನಡುನಡುವೆ ಆ ಉಪ್ಪಿನ ಬಯಲಿನ ಹತ್ತಿರದ ಬಂದರಿನ ಲೈನು ಹಿಡಿಯಲು ನೋಡುತ್ತಿದ್ದರು. ಮುಂಬಯಿಯ ಆಪರೇಟರ್ ಹೆಂಗಸು ಪ್ರತಿ ಸಲವೂ ಅದನ್ನೇ ಹೇಳುತ್ತಿದ್ದಳಂತೆ, ಕಂಬಗಳೇ ಬಿದ್ದಿವೆ, ಲೈನಿಲ್ಲ ಎಂದು. ಕೊನೆಗೊಂದು ದಿನ ಆಕೆಯೇ ಕೇಳಿದಳಂತೆ, ಅಕ್ಕಾ, ಅಲ್ಲಿ ನಿಮ್ಮವರು ಯಾರಾದರೂ ಇದ್ದಾರೆಯೇ ಎಂದು.

"ಆವಾಗ ನಮ್ಮ ಕಡೆ ಸಮುದ್ರದ ಗಾಳಿಗೆ ಹೆಸರಿಡೂ ಪದ್ಧತಿ ಇರಲಿಲ್ಲ ತಂಗಿ," ಎಂದರು. "ವರ್ಷಾ ಎಷ್ಟೋ ಗಾಳಿ ಬರತಾವು. ನನ್ನ ತಮ್ಮ ಯಾವುದ್ರಾಗ ಹೋದ ಅಂದ್ರ ಏನ ಹೇಳ್ಲಿ? ಆ ವರ್ಷದ್ದು, ಆ ತಿಂಗಳದ್ದು, ಅಷ್ಟ. ಬೈಬೇಕಂದ್ರೂ ಒಂದ ಹೆಸರ ಬೇಕಲ್ಲ."

ಕೆಲವು ವರ್ಷಗಳ ನಂತರ ನಮ್ಮ ಕಡಲುಗಳ ಚಂಡಮಾರುತಗಳಿಗೂ ಹೆಸರಿಡತೊಡಗಿದರು. ಅಂದಿನಿಂದ ಅಕ್ಕಾವರ ಲಕ್ಷ್ಯ ಅತ್ತ ಹೋಯಿತು. ಮೊದಲು ರೇಡಿಯೋ, ಆಮೇಲೆ ಟೀವಿ, ಕೊನೆಗೆ ಮೊಬೈಲು. ದಂಡೆಯ ದೇಶಗಳೆಲ್ಲ ಮುಂಚೆಯೇ ಹೆಸರುಗಳನ್ನು ಕೊಟ್ಟಿರುತ್ತವೆ, ಸರದಿಯ ಪ್ರಕಾರ ಒಂದೊಂದೇ ಹೆಸರು ತೆಗೆದು ಇಡುತ್ತಾರೆ, ಒಮ್ಮೆ ಬಳಸಿದ್ದನ್ನು ಮತ್ತೆ ಬಳಸುವುದಿಲ್ಲ ಎಂಬುದನ್ನೆಲ್ಲ ನಾನು ತಿಳಿದದ್ದು ಅವರಿಂದ. ಹುಟ್ಟಿದ ಕೂಡಲೇ ಹೆಸರಿಲ್ಲ. ಕಡಲ ಮೇಲೆ ಕಡಿಮೆ ಒತ್ತಡ ಕಾಣಿಸಿ, ಅದು ವಾಯುಭಾರ ಕುಸಿತವಾಗಿ, ಗಾಳಿ ಒಂದು ಮಟ್ಟ ದಾಟಿದ ಮೇಲೆಯೇ ಹೆಸರು. ದಂಡೆಗೆ ಅಪ್ಪಳಿಸಿ ಬಲ ಕಳೆದುಕೊಂಡರೆ ಅದು ಮತ್ತೆ ಬರೀ ಕುಸಿತ. ವಾರ್ತೆಯವರೂ ಹೆಸರು ಬಿಡುತ್ತಾರೆ, ಕ್ಯಾಮರಾದವರೂ ಊರಿಗೆ ಮರಳುತ್ತಾರೆ.

ಇಂಥ ಹುಚ್ಚಿನವರು ನಮ್ಮ ಸುತ್ತಮುತ್ತ ಬೇರೆಯವರೂ ಇದ್ದರು. ಕಾಗವಾಡದ ಕಡೆಯ ಒಬ್ಬ ದ್ರಾಕ್ಷಿ ತೋಟದ ಸಾವಕಾರರು ಹವಾಮಾನದ ಒಂದು ವಾಟ್ಸ್‌ಆ್ಯಪ್ ಗ್ರೂಪು ಮಾಡಿದ್ದರು. ಅಥಣಿ, ರಾಯಬಾಗ, ಜುಗೂಳ, ನಿಪ್ಪಾಣಿಯವರೆಲ್ಲ ಅದರಲ್ಲಿದ್ದರು. ಮನೆಯ ಮಾಳಿಗೆಯ ಮೇಲೆ ಮಳೆ ಅಳೆಯುವ ಡಬ್ಬಿ ಇಟ್ಟವರು, ಉಪಗ್ರಹದ ಚಿತ್ರ ಹಾಕುವವರು, ಗಾಳಿಯ ನಕಾಶೆಯ ಮೇಲೆ ಬೆರಳಿನಿಂದ ಗೆರೆ ಎಳೆದು ವಾದಿಸುವವರು. ಬಂಗಾಳ ಕೊಲ್ಲಿಯಲ್ಲಿ ಏನಾದರೂ ಸುತ್ತತೊಡಗಿದರೆ ಆ ಗ್ರೂಪಿಗೆ ಹಬ್ಬ. ಈ ಸಲ ಯಾವ ದೇಶದ ಸರದಿ, ಯಾವ ಹೆಸರು, ಎಷ್ಟು ಜೋರಾಗುತ್ತದೆ... ಒಳ್ಳೆಯ ಜನವೇ. ಆದರೆ ಅವರಿಗೆ ಬೇಕಾದದ್ದು ಜೋರು. ದಂಡೆ ದಾಟಿ ಬಲ ಕುಗ್ಗಿತೆಂದರೆ ಗ್ರೂಪು ತಣ್ಣಗಾಗುತ್ತಿತ್ತು.

ಅಕ್ಕಾವರು ಆಗಲೇ ಚುರುಕಾಗುತ್ತಿದ್ದರು.

"ನಮ್ಮ ಊರಿಗೆ ಹೆಸರಿದ್ದದ್ದು ಎಂದಾದ್ರೂ ಬಂದೈತೇನು?" ಎನ್ನುತ್ತಿದ್ದರು. "ಸಮುದ್ರ ಎಲ್ಲಿ, ನಾವೆಲ್ಲಿ. ಇಲ್ಲಿಗೆ ಬರೂ ಹೊತ್ತಿಗೆ ಅದರ ಹೆಸರ ಹೋಗಿರತೈತಿ. ಕೆಲವೊಂದು ನಮ್ಮ ಮ್ಯಾಲೆ ಹಾದು ಆಚಿ ಕಡೆ ಸಮುದ್ರಕ್ಕ ಇಳದು ಮತ್ತ ಜೋರಾಗತಾವು. ಅಲ್ಲಿ ಮತ್ತ ಹೆಸರು. ನಡುವ ನಮ್ಮ ತಲಿ ಮ್ಯಾಲೆ ಇದ್ದಾಗ ಅಷ್ಟ ಯಾರಿಗೂ ಅದರ ಹೆಸರ ಬ್ಯಾಡ."

ಹೇಳಬೇಕಾದದ್ದು ಆ ಒಂದು ಚಳಿಗಾಲದ ಮಾತು. ಕಬ್ಬು ಕಡಿಯುವ ಹಂಗಾಮು ಶುರುವಾಗಿತ್ತು. ಕೊಲ್ಲಿಯಲ್ಲಿ ಒಂದು ಚಂಡಮಾರುತ ಎದ್ದಿತ್ತು. ಅದರ ಹೆಸರನ್ನು ಇಲ್ಲಿ ಬರೆಯಲು ಮನಸ್ಸು ಬರುತ್ತಿಲ್ಲ. ಹೆಸರು ಬಂದ ದಿನ ಅಕ್ಕಾವರು ಮೆಟ್ಟಿಲ ಬುಡದಲ್ಲಿ ನಿಂತು ನನ್ನನ್ನು ಕರೆದು ಅದನ್ನು ಹೇಳಿದ್ದರು. ಯಾವುದೋ ದೂರದ ದೇಶದ ಮಾತು. ಅರ್ಥವನ್ನೂ ಹುಡುಕಿಟ್ಟುಕೊಂಡಿದ್ದರು. ಮಕ್ಕಳಿಗೆ ಇಡುವಂಥ, ಚಂದದ ಅರ್ಥ. "ಎಷ್ಟ ಚಂದ ಇಟ್ಟಾರ ನೋಡು," ಎಂದು ನಕ್ಕಿದ್ದರು.

ಅದು ಆಂಧ್ರದ ದಂಡೆಗೆ ಬಿತ್ತು. ಒಂದು ದಿನ ಟೀವಿಯಲ್ಲಿ ತೆಂಗಿನ ಮರಗಳು ಬಾಗಿದವು. ಮರುದಿನ ದುರ್ಬಲವಾಯಿತೆಂದು ಸುದ್ದಿ ಬಂತು. ಗ್ರೂಪಿನಲ್ಲಿ ಸಾವಕಾರರು, "ಹೆಸರ ಹೋತು, ಕಥಿ ಮುಗೀತು. ಎಲ್ಲಾರೂ ಆರಾಮ ಮಲಕೋರಿ," ಎಂದು ಹಾಕಿದರು. ಅಕ್ಕಾವರು ಅದರ ಕೆಳಗೆ ಬರೆದರು, "ಇನ್ನೂ ನಡದೈತ್ರಿ. ಕಲಬುರ್ಗಿ ಕಡೆಯಿಂದ ಇತ್ತಾಗ ಬರಾಕತ್ತೇತಿ. ನಾಳಿ ನಮ್ಮಲ್ಲಿ ದೊಡ್ಡ ಮಳಿ ಆಗತೈತಿ ಅನಸ್ತೈತಿ." ಸಾವಕಾರರು ಅವರಿಗೆ ಫೋನನ್ನೇ ಮಾಡಿದರು. ನಾನು ಎದುರಿಗೇ ಇದ್ದೆ. ಅವರ ದನಿ ದೊಡ್ಡದು, ನನಗೂ ಕೇಳುತ್ತಿತ್ತು.

"ಅಕ್ಕಾವ್ರ, ಹಂಗ ಗ್ರೂಪಿನ್ಯಾಗ ಹಾಕಬ್ಯಾಡ್ರಿ. ದ್ರಾಕ್ಷಿ ಹೂವಿನ್ಯಾಗ ಐತಿ, ಮಂದಿ ಅಂಜಿ ಸುಮ್ಮನ ಔಷಧ ಹೊಡೀತಾರ. ಸರ್ಕಾರದವ್ರs ಹಗರ ಮಳಿ ಅಂದಾರ."

"ಅವ್ರು ಜಿಲ್ಲಾದ್ದು ಹೇಳ್ತಾರ್ರಿ. ನಾ ಒಂದ ಹಳ್ಳದ್ದು ನೋಡಾಕತ್ತೀನಿ," ಎಂದರು ಅಕ್ಕಾವರು.

ಹಳ್ಳ ಎಂದದ್ದು ಬೇಡಕಿಹಾಳದ್ದು. ಅಲ್ಲಿ ಅವರ ತಂದೆಯ ಕಾಲದ ಒಂದು ತುಂಡು ಕಬ್ಬಿನ ಹೊಲವಿತ್ತು. ಆ ವಾರ ಅಲ್ಲಿ ಕಟಾವು ನಡೆದಿತ್ತು. ಜತ್ತ ಕಡೆಯಿಂದ ಬಂದ ಕಬ್ಬು ಕಡಿಯುವವರ ಟೋಳಿಯೊಂದು ಎತ್ತು, ಬಂಡಿ, ಮಕ್ಕಳುಮರಿ ಸಮೇತ ಹಳ್ಳದ ಮಗ್ಗುಲಿಗೇ ತಾಡಪತ್ರಿಯ ಜೋಪಡಿ ಹಾಕಿಕೊಂಡಿತ್ತು. ನೀರು ಹತ್ತಿರ, ನೆಲ ಸಪಾಟು. ಆ ಹಳ್ಳ ದೂಧಗಂಗೆಗೆ ಸೇರುತ್ತದೆ. ವರ್ಷದ ಬಹುಪಾಲು ಕಾಲು ತೊಳೆಯುವಷ್ಟು ನೀರು. ಆದರೆ ಮೇಲೆ ದೊಡ್ಡ ಮಳೆಯಾದರೆ ಅದು ಎಲ್ಲಿಯವರೆಗೆ ಏರುತ್ತದೆಂದು ಚಿಕ್ಕವರಿದ್ದಾಗ ಅಕ್ಕಾವರು ಕಂಡಿದ್ದರು.

"ನಿನ್ನ ಗಾಡಿ ಮ್ಯಾಲೆ ಬೇಡಕಿಹಾಳಕ್ಕ ಬಿಡ್ತೀಯೇನು?" ಎಂದು ಕೇಳಿದರು. ಅಂದು ರವಿವಾರ. ನಾನು ಸ್ಕೂಟಿ ತೆಗೆದೆ. ಅವರು ಆ ಕಂದು ಸ್ವೆಟರು ತೊಟ್ಟು ಹಿಂದೆ ಕುಳಿತರು. ದಾರಿಯುದ್ದಕ್ಕೂ ಬಿಸಿಲು. ಆಕಾಶದಲ್ಲಿ ಹಿಂಜಿದ ಅರಳೆಯಂತೆ ತೆಳ್ಳಗಿನ ಮೋಡ, ಅಷ್ಟೇ. ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಹಿಂದೆ ಧೂಳು ಕುಡಿಯುತ್ತ ಹೋದೆವು.

ಟೋಳಿಯನ್ನು ಕರೆತಂದು ಕೆಲಸ ಮಾಡಿಸುವ ಮುಕಾದಮ ನಡುವಯಸ್ಸಿನವನು, ಮಾತಿಗೆ ಬಿಗಿ. ಕಬ್ಬಿನ ರಾಶಿಯ ಮೇಲೆ ಕಡಿಯುವ ಕೊಯ್ತಾ ಇಟ್ಟು ಬಂದು ನಿಂತು ಕೇಳಿದ. ಅಕ್ಕಾವರು ಫೋನಿನಲ್ಲಿ ಮೋಡದ ಚಿತ್ರ ತೋರಿಸಿದರು. ಅವನು ಅದನ್ನು ನೋಡಲಿಲ್ಲ, ಆಕಾಶ ನೋಡಿದ.

"ಬಿಸಿಲ ನೋಡ್ರಿ ಅಕ್ಕಾವ್ರ. ಜೋಪಡಿ ಕೀಳಾಕ ಅರ್ಧಾ ದಿನ, ಹಾಕಾಕ ಅರ್ಧಾ ದಿನ. ಕಾರಖಾನಿ ಮಂದಿ ಕಬ್ಬ ಎಲ್ಲಿ ಅಂತ ನನ್ನ ಕೊರಳಿಗೆ ಬೀಳತಾರ."

"ಜೋಪಡಿ ಕೀಳಬ್ಯಾಡ್ರಿ. ಹುಡಗೂರನ್ನ, ಎತ್ತ ಕರಕೊಂಡ ಮ್ಯಾಲೆ ಬೆಲ್ಲದ ಗಾಣದ ಹಳೀ ಶೆಡ್ಡಿಗೆ ಹೋಗ್ರಿ. ಮಾಲಕರಿಗೆ ನಾ ಹೇಳೇನಿ. ನಾಳಿ ಒಂದ ದಿವಸದ ಮಾತು."

ಅವನ ತಮ್ಮ ಪಕ್ಕದಲ್ಲಿ ಎತ್ತಿನ ಮೈ ಉಜ್ಜುತ್ತಿದ್ದ. ಆ ವರ್ಷವೇ ಮದುವೆಯಾದವನು, ನಗುಮುಖದವನು. ಅಣ್ಣನ ಬಿಗಿಯೆಲ್ಲ ಇವನಲ್ಲಿ ಸಡಿಲವಾಗಿತ್ತು.

"ಅಕ್ಕಾವ್ರ, ಸಮುದ್ರದ ಗಾಳಿಗೂ ಹೆಸರಿಡತಾರಂತಲ್ರಿ, ಖರೇನ? ಯಾರ್ರಿ ಇಡಾವ್ರು, ಭಟ್ಟರೇನ್ರಿ?"

ಅಕ್ಕಾವರು ನಕ್ಕುಬಿಟ್ಟರು. ದೇಶಗಳ ಸರದಿ, ಹೆಸರು ಹೇಗೆ ಬರುತ್ತದೆ, ಹೇಗೆ ಹೋಗುತ್ತದೆ ಎಲ್ಲವನ್ನೂ ಅವನಿಗೆ ಹೇಳಿದರು. ಅವನು ಉಜ್ಜುವುದನ್ನು ನಿಲ್ಲಿಸಿ ಕೇಳಿದ.

"ನಮ್ಮ ಎತ್ತಿಗೂ ಹೆಸರ ಅದಾವ್ರಿ. ಇಂವ ಸರಜಾ, ಅಂವ ರಾಜಾ. ಮುದುಕಾದ್ರೂ ಹೆಸರ ತಗಿಯೂದಿಲ್ರಿ ನಾವು. ಅದ್ಯಾಕ, ಸೋತಮ್ಯಾಲೆ ಹೆಸರ ಕಸಗೋತಾರ?"

ಅಕ್ಕಾವರು ಮುಂದೆ ಬಂದು ಆ ಎತ್ತಿನ ಬೆನ್ನು ಸವರಿದರು. ಅವನೇ ಅಣ್ಣನತ್ತ ತಿರುಗಿ, "ಚಲ ದಾದಾ, ಒಂದ ದಿವಸ ಅಲ್ಲs. ಹಿರ್ಯಾರು ಅಷ್ಟ ದೂರದಿಂದ ಬಂದಾರ," ಎಂದ. ಹೆಂಗಸರು ಮಕ್ಕಳನ್ನು ಎಬ್ಬಿಸಿದರು. ಮುಕಾದಮ ಗೊಣಗುತ್ತಲೇ ಬಂಡಿ ಹೂಡಿಸಿದ. ಸಂಜೆಯೊಳಗೆ ಎಲ್ಲರೂ ಗಾಣದ ಶೆಡ್ಡಿಗೆ ಹೋದರು. ಮರಳಿ ಬರುವಾಗ ಅಕ್ಕಾವರು ನನ್ನ ಭುಜ ಹಿಡಿದ ಕೈಯಲ್ಲಿ ಬಿಗಿ ಇರಲಿಲ್ಲ.

ಮರುದಿನ ಮಳೆ ಬರಲಿಲ್ಲ.

ಮೋಡವೇನೋ ಕವಿಯಿತು, ತಂಪು ಗಾಳಿ ಬೀಸಿತು, ಅಷ್ಟೇ. ಅಕ್ಕಾವರು ಮಾಳಿಗೆಗೂ ಅಂಗಳಕ್ಕೂ ಅಲೆದಾಡಿದರು. ಚಿತ್ರದಲ್ಲಿ ಆ ಮೋಡದ ಸುಳಿ ವಿಜಯಪುರದ ಸುತ್ತ ನಿಂತುಬಿಟ್ಟಿತ್ತು, ದಣಿದವರು ದಾರಿಯಲ್ಲಿ ಕುಳಿತಂತೆ. ಗ್ರೂಪಿನಲ್ಲಿ ಯಾರೋ, "ಅಕ್ಕಾವ್ರ, ಛತ್ರಿ ಒಣಗಾಕತ್ತಾವ್ರಿ," ಎಂದು ಹಾಕಿದರು. ಅದರ ಕೆಳಗೆ ನಗುವ ಮುಖಗಳ ಸಾಲು. ಮಧ್ಯಾಹ್ನ ಮುಕಾದಮನ ಫೋನು ಬಂತು. ಕಾರ್ಖಾನೆಯವನು ಬಂದು ಕೂಗಾಡಿ ಹೋಗಿದ್ದನಂತೆ. ಶೆಡ್ಡಿನಲ್ಲಿ ನೀರಿಲ್ಲ, ಹೆಂಗಸರಿಗೆ ಅಡಚಣೆ.

"ನಾವು ಹೊಳ್ಳಿ ಹೋಗಾಕತ್ತೀವ್ರಿ. ನಿಮ್ಮ ಮೊಬೈಲ್ ನಿಮ್ಮ ಕಡೇನ ಇರ್ಲಿ," ಎಂದು ಇಟ್ಟುಬಿಟ್ಟ.

ಅಕ್ಕಾವರು ಮತ್ತೆ ಮಾಡಿದರು. ಎತ್ತಲಿಲ್ಲ. ಮತ್ತೆ ಮಾಡಿದರು. ಮರುದಿನ ಬೆಳಿಗ್ಗೆ ನಾನು ಕಾಲೇಜಿಗೆ ಹೊರಟಾಗಲೂ ಕಿವಿಗೆ ಫೋನು ಇಟ್ಟುಕೊಂಡು ಕಟ್ಟೆಯ ಮೇಲೆ ಕುಳಿತಿದ್ದರು. "ಇವತ್ತ ಬರತೈತಿ ತಂಗಿ. ಈಗ ನನ್ನ ಮಾತ ಯಾರ ಕೇಳ್ತಾರ," ಎಂದರು. ನನಗೆ ಪರೀಕ್ಷೆಯ ಕೆಲಸವಿತ್ತು. ಅವರೊಬ್ಬರೇ ಬಸ್ಸು ಹಿಡಿದು ಮತ್ತೆ ಬೇಡಕಿಹಾಳಕ್ಕೆ ಹೋಗಿದ್ದರೆಂದು ನನಗೆ ಗೊತ್ತಾದದ್ದು ಆಮೇಲೆ. ಮುಕಾದಮ ಮಾತನಾಡದೆ ಕಬ್ಬು ಕಡಿಯುತ್ತಲೇ ಇದ್ದನಂತೆ. ತಮ್ಮ ಮಾತ್ರ, "ನೀವು ಹೋಗ್ರಿ ಅಕ್ಕಾವ್ರ, ಮಳಿ ಬಂದ್ರ ನಾ ಎಲ್ಲಾರನೂ ಎಬ್ಬಸ್ತೀನಿ," ಎಂದು ಅವರನ್ನು ಬಸ್ಸಿನವರೆಗೆ ಬಿಟ್ಟುಹೋಗಿದ್ದ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಮಳೆ ಶುರುವಾಯಿತು. ಗುಡುಗಿಲ್ಲ, ಮಿಂಚಿಲ್ಲ, ಗಾಳಿಯ ಆರ್ಭಟವೂ ಇಲ್ಲ. ಬರೀ ನೀರು. ಒಂದೇ ಸಮ, ನಿಲ್ಲದೆ. ನಮ್ಮ ಓಣಿಯ ಗಟಾರು ತುಂಬಿ ಅಂಗಳಕ್ಕೆ ಬಂತು. ಅಕ್ಕಾವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಹೇಳಿದ್ದು ನಿಜವಾಯಿತೆಂಬ ಸಮಾಧಾನದ ಸುಳಿವೂ ಆ ಮುಖದಲ್ಲಿರಲಿಲ್ಲ. ಬೆಳಗಾಗುವ ಮೊದಲೇ ಬೇಡಕಿಹಾಳದಿಂದ ಹೊಲದ ನೆರೆಯವರ ಫೋನು ಬಂತು.

ಮುಕಾದಮನ ತಮ್ಮ ಹೇಳಿದಂತೆಯೇ ಮಾಡಿದ್ದ. ಹಳ್ಳದ ಸದ್ದು ಬದಲಾದ ಕೂಡಲೇ ಕೂಗಿ ಎಲ್ಲರನ್ನೂ ಎಬ್ಬಿಸಿ ಮೇಲಕ್ಕೆ ಓಡಿಸಿದ್ದ. ಜೋಪಡಿ, ಪಾತ್ರೆ ಭಾಂಡೆ, ಹಿಟ್ಟು ಎಲ್ಲ ಹೋದವು, ಜನ ಉಳಿದರು. ಆಮೇಲೆ ಅವನು ಎತ್ತು ಬಿಚ್ಚಲು ಹಿಂದಕ್ಕೆ ಹೋದ. ಒಂದರ ಹಗ್ಗ ಬಿಚ್ಚಿದ, ಅದು ಈಜಿ ದಂಡೆ ಸೇರಿತು. ಇನ್ನೊಂದರ ಗಂಟು ನೀರಿನೊಳಗಿತ್ತು... ಮಧ್ಯಾಹ್ನ ನೀರು ಇಳಿದ ಮೇಲೆ, ಹಳ್ಳ ದೂಧಗಂಗೆಗೆ ಕೂಡುವ ಕಡೆ ಜಾಲಿಯ ಪೊದೆಯಲ್ಲಿ ಅವನೂ ಎತ್ತೂ ಸಿಕ್ಕರು.

ಪಂಚನಾಮೆಯಲ್ಲಿ ಹಳ್ಳದ ನೀರಿನ ಸೆಳೆತಕ್ಕೆ ಸಿಕ್ಕು ಎಂದು ಬರೆದರು. ಚಂಡಮಾರುತದ ಮಾತೇ ಇರಲಿಲ್ಲ. ಇರುವುದಾದರೂ ಹೇಗೆ, ಅದು ಮುಗಿದು ಎಷ್ಟೋ ದಿನವಾಗಿತ್ತು. ಗ್ರೂಪಿನಲ್ಲಿ ಒಬ್ಬೊಬ್ಬರೇ ಕೈಮುಗಿದ ಚಿತ್ರ ಹಾಕಿದರು. ಸಾವಕಾರರು ಮಾತ್ರ ಚಿಕ್ಕೋಡಿಗೆ ಬಂದು, ಅಕ್ಕಾವರ ಮುಂದೆ ಬಹಳ ಹೊತ್ತು ಕುಳಿತು, ಚಹಾ ಕುಡಿಯದೆ ಎದ್ದು ಹೋದರು.

ನಾನು ಸಮಾಧಾನ ಹೇಳಲು ಹೋದೆ. ನೀವು ಹೇಳಿದ ಮಾತು ಸುಳ್ಳಾಗಲಿಲ್ಲವಲ್ಲ ಎಂದೆ.

"ಸುಳ್ಳಾಗಿದ್ರ ಚಲೋ ಇತ್ತು," ಎಂದರು ಅಕ್ಕಾವರು. "ನಾ ಬಾಯಿ ಮುಚ್ಚಕೊಂಡ ಇದ್ದು, ಮಳಿ ಬಂದ ದಿವಸ ಮುಂಜಾನೆ ಮೊದಲ್ನೇ ಸಲ ಹೋಗಿ ಹೇಳಿದ್ರ ಅವ್ರು ಏಳ್ತಿದ್ರು. ಮೊದಲs ಹೋಗಿ ಎಬ್ಬಿಸಿ ನನ್ನ ಮಾತ ನಾನs ಕೆಡಿಸಿದೆ."

ಹಾಗಲ್ಲ ಎಂದು ಹೇಳಬೇಕೆನಿಸಿತು. ಆದರೆ ಹೇಗೆ ಹಾಗಲ್ಲ ಎಂಬುದು ಅಂದೂ ನನಗೆ ಹೊಳೆಯಲಿಲ್ಲ, ಇಂದೂ ಹೊಳೆದಿಲ್ಲ. ಹೇಳದಿದ್ದರೆ ತಪ್ಪು, ಮುಂಚೆ ಹೇಳಿದರೂ ತಪ್ಪು, ತಡವಾದರೂ ತಪ್ಪು. ಇಂಥ ತಿಳಿವಳಿಕೆಯನ್ನು ಇಟ್ಟುಕೊಂಡು ಒಬ್ಬ ಹೆಂಗಸು ಏನು ಮಾಡಬೇಕು? ಎಷ್ಟೋ ದಿನ ಅವರು ಫೋನು ಮುಟ್ಟಲಿಲ್ಲ. ಅವರೂ ಮಾಳಿಗೆಯ ಮೇಲೆ ಇಟ್ಟಿದ್ದ ಮಳೆ ಅಳೆಯುವ ಡಬ್ಬಿ ಬೋರಲು ಬಿದ್ದೇ ಇತ್ತು.

ಹಂಗಾಮು ಮುಗಿದು ಟೋಳಿಗಳು ಊರಿಗೆ ಮರಳುವ ದಿನಗಳಲ್ಲಿ ಒಂದು ಮಧ್ಯಾಹ್ನ ಮುಕಾದಮ ನಮ್ಮ ಮನೆ ಹುಡುಕಿಕೊಂಡು ಬಂದ. ನಾನು ಅಕ್ಕಾವರೊಂದಿಗೆ ಕಟ್ಟೆಯ ಮೇಲಿದ್ದೆ. ಅವನನ್ನು ಕಂಡು ಅಕ್ಕಾವರು ಎದ್ದು ನಿಂತರು. ಬೈಯಲು ಬಂದಿದ್ದಾನೆಂದೇ ನಾನು ತಿಳಿದೆ. ಅವರೂ ಹಾಗೆಯೇ ತಿಳಿದಿರಬೇಕು. ಕೈಕಟ್ಟಿ ತಲೆ ತಗ್ಗಿಸಿದ್ದರು.

ಅವನು ಕೂಡಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಊರಿಗೆ ಹೊಂಟೀವ್ರಿ. ಮಣ್ಣಿಗೆ ಒಯ್ದಾಗಿಂದ ಅವ್ವ ಒಂದs ಸವನ ಕೇಳಾಕತ್ತಾಳ್ರಿ, ಇದ್ಯಾವ ಮಳೀಪಾ, ದಸರಾ ದೀಪಾವಳಿ ಎಲ್ಲಾ ಮುಗದಮ್ಯಾಲೆ ಬಂದದ್ದು ಅಂತ. ನಮ್ಮ ತಮ್ಮ ಆ ದಿನಾ ಜೋಪಡಿಯಾಗ ಹೇಳ್ಯಾನ್ರಿ, ಅದಕ್ಕೊಂದ ಹೆಸರ ಐತಂತ. ನಾ ಕೇಳಿಸ್ಕೊಳ್ಳಲಿಲ್ಲ. ಏನ್ರಿ ಅದರ ಹೆಸರು?"

"ಇತ್ತಪಾ. ಸಮುದ್ರದಾಗ ಇದ್ದಾಗ ಇತ್ತು," ಎಂದು ಅಕ್ಕಾವರು ಆ ಹೆಸರು ಹೇಳಿದರು. ಅವನು ಅದನ್ನು ಎರಡು ಮೂರು ಸಲ ಬಾಯಲ್ಲಿ ಹೊರಳಿಸಿದ. ಅವನ ನಾಲಿಗೆಗೆ ಅದು ಒಗ್ಗಲಿಲ್ಲ.

"ಹಂಗಂದ್ರ ಅರ್ಥಾ ಏನ್ರಿ?"

ಮೆಟ್ಟಿಲ ಬುಡದಲ್ಲಿ ನಿಂತು ಅವರು ನಗುತ್ತ ಹೇಳಿದ ಅರ್ಥ ನನಗೆ ನೆನಪಿತ್ತು. ನಾನು ಅವರ ಮುಖ ನೋಡಿದೆ.

"ಗೊತ್ತಿಲ್ಲಪಾ," ಎಂದರು ಅಕ್ಕಾವರು.

ಅವನು ತಲೆಯಾಡಿಸಿದ. "ನಿಮ್ಮ ಮ್ಯಾಲೆ ಸಿಟ್ಟಿಲ್ರಿ ಅಕ್ಕಾವ್ರ," ಎಂದ. ಆಮೇಲೆ ಮತ್ತೆ ತಾನೇ, "ಇಲ್ಲಂದ್ರ ಸುಳ್ಳಾಗತೈತಿ. ಸ್ವಲ್ಪ ಐತಿ. ನನ್ನ ಮ್ಯಾಲೆ ನನಗ ಭಾಳ ಐತಿ," ಎಂದ. ಅಕ್ಕಾವರು ಒಳಗೆ ಹೋಗಿ ಒಂದು ತಂಬಿಗೆ ನೀರು, ಬೆಲ್ಲ ತಂದರು. ಅವನು ಕಟ್ಟೆಯ ತುದಿಗೆ ಕುಳಿತು ಕುಡಿದ. ಹೋಗುವಾಗ ತನ್ನ ಫೋನು ತೆಗೆದು ಅವರ ನಂಬರು ಸರಿಯಾಗಿದೆಯೇ ಎಂದು ಕೇಳಿಕೊಂಡ. ಬೇಕಾದೀತು ಎಂದು ನನ್ನದನ್ನೂ ಬರೆಸಿಕೊಂಡ. "ಮುಂದಿನ ಹಂಗಾಮಿಗೆ ಬರೂಕಿಂತ ಮೊದಲ ಕೇಳತೀನ್ರಿ. ಎಲ್ಲಿ ಇಳೀಬೇಕು ನೀವs ಹೇಳ್ರಿ."

ಹಾಗೆಯೇ ಕೇಳುತ್ತಿದ್ದ. ಮಳೆಗಾಲ ಹಿಂದೆ ಸರಿದು ಕಬ್ಬಿನ ಕೆಲಸ ಶುರುವಾಗುವ ಹೊತ್ತಿಗೆ ಅವನ ಫೋನು ಬರುತ್ತಿತ್ತು. ಅಕ್ಕಾವರು ಮೋಡದ ಚಿತ್ರ ಮುಂದಿಟ್ಟುಕೊಂಡು ಮಾತನಾಡುತ್ತಿದ್ದರು. ಮಳೆ ಇಂಥ ದಿನವೇ ಬರುತ್ತದೆಂದು ಮಾತ್ರ ಮತ್ತೆಂದೂ ಹೇಳಲಿಲ್ಲ. "ಬರಬಹುದು, ಬರದs ಇರಬಹುದು. ಹಳ್ಳದ ಕಡೆ ಹೋಗಬ್ಯಾಡ್ರಿ, ಎತ್ತರದ ಮಾಳದ ಮ್ಯಾಲೆ ಇರ್ರಿ," ಎನ್ನುತ್ತಿದ್ದರು. ಗ್ರೂಪಿನಲ್ಲೂ ಅಷ್ಟೇ. ಯಾವುದಾದರೂ ಚಂಡಮಾರುತ ಸೋತು ಎಲ್ಲರೂ ಅದರ ಕೈಬಿಟ್ಟ ಮೇಲೆ ಅವರದೊಂದು ಸಾಲು ಬರುತ್ತಿತ್ತು, "ಇನ್ನೂ ನಡದೈತಿ." ಮುಂದಿನ ದಿನವೂ ಅದೇ ಸಾಲು. ಆಕಾಶ ಪೂರ್ತಿ ತಿಳಿಯಾಗುವವರೆಗೆ. ಅದಕ್ಕೆ ಯಾರೂ ಉತ್ತರ ಕೊಡುತ್ತಿರಲಿಲ್ಲ, ಯಾರೂ ನಗುತ್ತಲೂ ಇರಲಿಲ್ಲ.

ಈ ಮಳೆಗಾಲದಲ್ಲಿ ಅವರಿಗೆ ಜ್ವರ ಬಂತು. ಸಾಮಾನ್ಯ ಜ್ವರವೆಂದು ಇಲ್ಲಿಯೇ ತೋರಿಸಿದೆವು. ಇಳಿಯದಾಗ ಬೆಳಗಾವಿಗೆ ಕರೆದೊಯ್ದೆವು. ದವಾಖಾನೆಯ ಕಿಟಕಿಯ ಕಡೆ ಮುಖ ಮಾಡಿ ಮಲಗಿಸಿ ಎಂದು ಕೇಳಿದ್ದರು. ಅವರು ಅಲ್ಲಿಂದ ಮರಳಲಿಲ್ಲ. ದೂರದ ಸಂಬಂಧಿಗಳು ಬಂದು ಮಾಡಬೇಕಾದದ್ದನ್ನು ಮಾಡಿ, ಕೆಳಗಿನ ಮನೆಗೆ ಬೀಗ ಹಾಕಿ, ಬೀಗದ ಕೈ ನನಗೆ ಕೊಟ್ಟು ಹೋದರು.

ನಿನ್ನೆ ಕಾಲೇಜಿನಿಂದ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಫೋನು ಬಂತು. ಗುರುತಿಲ್ಲದ ನಂಬರು, ಹಿಂದೆ ಮಕ್ಕಳ ಗದ್ದಲ, ಟ್ರ್ಯಾಕ್ಟರಿನ ಸದ್ದು.

"ಮ್ಯಾಡಮ್ಮಾರ, ನಾನ್ರಿ, ಜತ್ತ ಕಡೆ ಮುಕಾದಮ. ಅಕ್ಕಾವ್ರ ಫೋನ ಹತ್ತವಲ್ದ್ರಿ. ಬಂದ ಆಗೇತಿ ಅಂತೈತಿ."

ಹೇಳಿದೆ. ಹಿಂದಿನ ಗದ್ದಲ ದೂರವಾಯಿತು, ಅವನು ಫೋನು ಹಿಡಿದು ಆಚೆ ನಡೆದಿರಬೇಕು.

"ನಮಗೊಂದ ಮಾತ ಹೇಳಿದ್ರ ಮಣ್ಣಿಗೆ ಬರತಿದ್ವಿ," ಎಂದ. ಆಮೇಲೆ ಕೇಳಿದ, "ಮತ್ತ ಈಗ... ಸಮುದ್ರದಾಗ ಏನರ ಐತೇನ್ರಿ?"

ಫೋನಿನಲ್ಲೇ ಹುಡುಕಿ ನೋಡಿದೆ. ಕೊಲ್ಲಿಯ ದಂಡೆ ದಾಟಿ ಒಳಗೆ ಬಂದ ಒಂದು ಬಿಳಿ ಸುಳಿ. ದುರ್ಬಲಗೊಂಡಿದೆ ಎಂದು ಬರೆದಿದ್ದರು. ಗ್ರೂಪು ಬೆಳಗಿನಿಂದ ತಣ್ಣಗಿತ್ತು. ಆ ಸುಳಿ ಎತ್ತ ಮುಖ ಮಾಡಿದೆ, ನಿಂತಿದೆಯೋ ನಡೆದಿದೆಯೋ ನನಗೆ ತಿಳಿಯಲಿಲ್ಲ. ಅವರು ಇಷ್ಟು ವರ್ಷ ಮಗ್ಗುಲಲ್ಲಿ ಕುಳಿತು ತೋರಿಸಿದ್ದರೂ ನಾನು ಬರೀ ಹೂಂ ಅಂದವಳು.

"ಮಾಳದ ಮ್ಯಾಲೆ ಇಳೀರಿ," ಎಂದೆ.

"ಹಂಗಾರ ಬರತೈತ್ರಿ?" ಎಂದ ಅವನು.

ಹೊರಗೆ ಬಿಸಿಲಿತ್ತು. ಬರುತ್ತದೆ ಎನ್ನಲೂ ಆಗಲಿಲ್ಲ, ಬರುವುದಿಲ್ಲ ಎನ್ನಲೂ ಆಗಲಿಲ್ಲ. ಸ್ವಲ್ಪ ತಡೀರಿ, ಕೇಳಿ ಹೇಳುತ್ತೇನೆ ಎಂದು ಅಭ್ಯಾಸಬಲದಿಂದ ಮೆಟ್ಟಿಲು ಇಳಿದುಬಿಟ್ಟೆ. ಕೆಳಗಿನ ಬಾಗಿಲಿಗೆ ಬೀಗವಿತ್ತು. ಅವನು ಅತ್ತ ಕಡೆ ಇನ್ನೂ ಕಾಯುತ್ತಿದ್ದ.